ಬಡಾವಣೆ ಮರೆತ ಜಾಗ

ನಮ್ಮ ಬಡಾವಣೆಗೆ ಸ್ಮಶಾನವಿಲ್ಲ ಎಂಬುದು ನನಗೆ ಗೊತ್ತಾದದ್ದು ಗಂಡ ತೀರಿಕೊಂಡ ಬೆಳಿಗ್ಗೆ. ಗ್ಯಾರೇಜಿನ ಇಸ್ಮಾಯಿಲಣ್ಣ ಅಂಗಳದೆದುರು ಗಾಡಿ ನಿಲ್ಲಿಸಿ, "ಊರಿಗೇ ಒಯ್ಯೂದಲ್ರೀ, ಅಕ್ಕಾ?" ಎಂದು ಮೆಲ್ಲಗೆ ಕೇಳಿದ.

"ಬ್ಯಾಡ. ಇಲ್ಲೇ ಇರಲಿ," ಎಂದೆ.

"ಇಲ್ಲೆ ಅಂದ್ರ ಎಲ್ಲೆವಾ?" ಎಂದಳು ಪಕ್ಕದ ಮನೆಯ ಮುದುಕಿ ಶಾಂತವ್ವ.

ಗಿರಣಿಯ ಸೈರನ್ ಆಯಿತು. ಕೆಲವರು ರೂಢಿಯಂತೆ ಕೈಗಡಿಯಾರ ನೋಡಿಕೊಂಡರು.

ಊರಲ್ಲಿರುವ ನಿಮಗೆ ಇದು ವಿಚಿತ್ರ ಎನಿಸೀತು. ಧಾರವಾಡ ಸೀಮೆಯ ನಮ್ಮ ಹಳ್ಳಿಯಲ್ಲಿ ಹೊಲದ ಬದುವಿಗೆ, ಹಿರಿಯರ ಪಕ್ಕ, ಜಾಗ ಇದ್ದೇ ಇರುತ್ತದೆ. ದಾಂಡೇಲಿಯಲ್ಲಿ ಎಲ್ಲವನ್ನೂ ಕೇಳಿ ಪಡೆಯಬೇಕು. ನಾವು ಪ್ಲಾಟು ಕೊಂಡಾಗ ಇದು ಕಾಡಿನಂಚಿನ ಬೋಳು ದಿಬ್ಬ. ಕಾಗದದ ಗಿರಣಿಯ ಕೆಲಸ ನಂಬಿ ಬಂದವರು ಒಬ್ಬೊಬ್ಬರಾಗಿ ಮನೆ ಕಟ್ಟಿದರು. ನಮ್ಮ ಗೋಡೆಗಳಿಗೆ ದಿನವೂ ನೀರು ಹೊಡೆದವರು ನಮ್ಮ ಮನೆಯವರೇ. ಕೊಡ ಹಿಡಿದು ಓಡಾಡಿದೆವು, ನಳ ಬಂತು. ಆಮೇಲೆ ಬೀದಿದೀಪ, ಗಟಾರು, ಅಂಗನವಾಡಿ. ಸ್ಮಶಾನ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸತ್ತವರು ಊರಿಗೆ ಹೋಗುತ್ತಾರೆ ಎಂದೇ ಎಲ್ಲರ ಲೆಕ್ಕ. ಪೇಟೆಯಾಚೆಯ ಹಳೆಯ ಸ್ಮಶಾನದಲ್ಲಿ ನಮ್ಮ ಗುರುತಿನವರು ಒಬ್ಬರೂ ಇಲ್ಲ.

ಅಷ್ಟರಲ್ಲಿ ಗಂಡನ ಅಣ್ಣ ಫೋನ್ ಮಾಡಿದರು. "ತಗ್ಗ ತೆಗಸಾಕ ಹಚ್ಚೇನಿ. ಅಪ್ಪನ ಬಾಜೂಕ. ಲಗೂನ ಕರ್ಕೊಂಡ ಬರ್ರಿ."

ಕರೆದುಕೊಂಡು ಹೋದೆವು. ಹಳಿಯಾಳ ದಾಟುವವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಏನು ಕಂಡೆನೋ ನೆನಪಿಲ್ಲ. ಮಣ್ಣು ಮಾಡಿದ ಮೇಲೆ ಭಾವನವರು ಪಕ್ಕದ ನೆಲ ತೋರಿಸಿ, "ಇದು ನಿನಗ ಬಿಟ್ಟೇವಿ," ಎಂದರು. ಹೂಂ ಎಂದೆ.

ಮಗಳ ಶಾಲೆ ಇಲ್ಲಿದೆ, ತಿರುಗಿ ಬಂದೆ. ರಾತ್ರಿ ಜೊತೆಗೆ ಶಾಂತವ್ವ ನಮ್ಮಲ್ಲೇ ಮಲಗುತ್ತಾಳೆ. ಊರಲ್ಲಾಗಿದ್ದರೆ ಮನೆತುಂಬ ಜನ ಇರುತ್ತಿದ್ದರು; ಇಲ್ಲಿ ಅವಳೊಬ್ಬಳು ಸಾಕಾಗಿದೆ.

ಮೊನ್ನೆ ಓಣಿಯವರು ದಿಬ್ಬದ ಹಿಂದಿನ ಜಾಗ ನೋಡಲು ಹೋಗುವಾಗ ನನ್ನನ್ನೂ ಕರೆದರು. ಸ್ಮಶಾನಕ್ಕೆ ಅದನ್ನೇ ಕೇಳುವುದೆಂದು ಮಾತಾಯಿತು. "ನಳ ಕೇಳಿದ್ವಿ, ಲೈಟ ಕೇಳಿದ್ವಿ. ಸಾಯತೇವಿ ಅನ್ನೂದ ಮರತ ಬಿಟ್ಟಿದ್ವಿ ನೋಡ್ರಿ," ಎಂದ ಇಸ್ಮಾಯಿಲಣ್ಣ. ಒಬ್ಬಿಬ್ಬರು ನಕ್ಕರು.

ಶಾಂತವ್ವ ಮತ್ತಿಮರದ ಬುಡದಲ್ಲಿ ನಿಂತು ಕಾಲಿನಿಂದ ಎಲೆ ಸರಿಸಿದಳು. "ಮಳಿನೀರ ನಿಲ್ಲೂದಿಲ್ಲ ಇಲ್ಲೆ. ನಾವಿಬ್ರೂ ಇಲ್ಲೇ ಮಲಗೂಣು. ನಿನ್ನ ಗೊರಕಿ ನನಗ ಹೆಂಗೂ ರೂಢಿ ಆಗೇತಿ."

ಅವಳಿಗೂ ಹೂಂ ಎಂದೆ.