ಈಳಿಗೆ ಮಣೆಗೆ ಬಂದ ಹುಂಜ

ಗೆಳೆಯರೇ, ಇವತ್ತು ನಮ್ಮ ಹಿತ್ತಲ ಹುಂಜವನ್ನು ಮೊದಲ ಸಲ ನಾವೇ ಕೊಯ್ದೆವು! ಯಾವಾಗಲೂ ಕೊಯ್ದುಕೊಡುವ ಸಾಬರು ಬೆಳಗಿನ ಬಸ್ಸಿಗೆ ಮಗಳ ಊರಿಗೆ ಹೋಗಿದ್ದರು. ಬಿಳಿಚೋಡಿನ ಬೀಗರು ಆಗಲೇ ಜಗುಲಿಯಲ್ಲಿ ಕೂತಿದ್ದರು.

ಅಪ್ಪ ಅರ್ಧ ಗಂಟೆ ಮಚ್ಚನ್ನೇ ಮಸೆದರು. ಆಮೇಲೆ, "ಹುಂಜ ನನ್ನೇ ನೋಡ್ತೈತೆ ಕಣೇ, ಕೊಯ್ಯಾಕೆ ಆಗಲ್ಲ" ಎಂದರು.

"ಹಂಗಾದ್ರೆ ನೀವು ಆ ಕಡೆ ನೋಡ್ರಿ" ಎಂದ ಅವ್ವ ಈಳಿಗೆ ಮಣೆ ಹಾಕಿಕೊಂಡು ಕೂತಳು. ಬದನೆಕಾಯಿ ಹೆಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ. ಅಕ್ಕ, ನಾನು ಬಿಸಿನೀರಿಗೆ ಅದ್ದಿ ಪುಕ್ಕ ಕಿತ್ತೆವು.

ಬೀಗರು ಮೂರು ಸಲ ಸಾರು ಹಾಕಿಸಿಕೊಂಡು, "ಕೊಯ್ದೋರು ಯಾರ್ರೀ?" ಎಂದರು. ಅಪ್ಪ ಮೀಸೆ ತಿರುವಿ, "ಅದೇನು ಮಹಾ ಕೆಲಸ ಬಿಡ್ರಿ" ಎಂದರು.

ಅವ್ವ ಹುಂಜದ ತಲೆಯನ್ನು ಅಪ್ಪನ ತಟ್ಟೆಗೇ ಬಡಿಸಿದಳು. "ತಗೊಳ್ರಿ, ಇನ್ನೂ ನಿಮ್ಮನ್ನೇ ನೋಡ್ತೈತೆ."