ಹೊರಗೆ ಕೂತವಳ ಬಟ್ಟೆ

ಎಪ್ಪತ್ತರ ದಶಕದಲ್ಲಿ ನಾನು ಶ್ರೀರಾಂಪುರದ ಹೈಸ್ಕೂಲಿಗೆ ಹೋಗುತ್ತಿದ್ದೆ. ತಿಂಗಳಿಗೆ ಮೂರು ದಿನ ಮಾತ್ರ ನನಗೆ ಸ್ಕೂಲೂ ಇಲ್ಲ, ಮನೆಯೂ ಇಲ್ಲ. ಕುರಿ ಸಾಕುವ ನಮ್ಮ ಹಟ್ಟಿಯ ಸುತ್ತ ಮುಳ್ಳುಬೇಲಿ ಇತ್ತು. ಮುಟ್ಟಾದವರು ಆ ಬೇಲಿಯಾಚೆ ಒಂದು ಗುಡ್ಲಿನಲ್ಲಿ ಇರಬೇಕು. ಅವ್ವ ತಟ್ಟೆಯನ್ನು ದೂರದಲ್ಲಿಟ್ಟು ಹಿಂದೆ ಸರಿದ ಮೇಲೆ ನಾನು ಹೋಗಿ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ದೇವರಿಗೆ ಆಗುವುದಿಲ್ಲವಂತೆ. ಕುರಿ ಈಯುವಾಗಿನ ರಕ್ತ ಆಗುತ್ತದೆ, ನನ್ನದು ಯಾಕೆ ಆಗುವುದಿಲ್ಲ ಎಂದು ಕೇಳಿ ಅವ್ವನಿಂದ ಬೈಸಿಕೊಂಡಿದ್ದೆ.

ಆ ದೇವರ ಪೂಜಾರಿ ನಮ್ಮ ದೊಡ್ಡಪ್ಪ. ಗುಡ್ಲಿನ ಕಡೆ ತಲೆ ತಿರುಗಿಸಿಯೂ ನೋಡುವವನಲ್ಲ. ಒಂದು ಬೆಳಿಗ್ಗೆ ಗಂಡಸರೆಲ್ಲ ಕುರಿ ಹೊಡೆದುಕೊಂಡು ಹೋಗಿದ್ದರು. ಮನೆಯಲ್ಲಿ ಉಳಿದ ಮರಿಗಳಿಗೆ ಸೊಪ್ಪು ಬೇಕೆಂದು ದೊಡ್ಡಪ್ಪ ಬೇಲಿಯ ಹೊರಗಿನ ಅತ್ತಿಮರ ಹತ್ತಿದ್ದ. ಕೊಂಬೆ ಮುರಿದು ಕುಡುಗೋಲಿನ ಸಮೇತ ಕೆಳಗೆ ಬಿದ್ದ. ಮೀನಖಂಡ ಸೀಳಿಹೋಗಿತ್ತು. ಆ ದಿನ ಹೊರಗೆ ಕೂತಿದ್ದ ನಾನು ಗುಡ್ಲಿನಿಂದ ಓಡಿದೆ. ಅವನು ಗಾಯ ನೋಡಿಕೊಳ್ಳಲಿಲ್ಲ, ನನ್ನನ್ನು ನೋಡಿದ.

"ಬರಬ್ಯಾಡ, ಅಲ್ಲೇ ನಿಂತ್ಕ. ನಿಮ್ಮವ್ವನ್ನ ಕೂಗು."

ಕೂಗಿದೆ. ಆದರೆ ಯಾರಾದರೂ ಬರುವವರೆಗೆ ನಿಂತು ನೋಡುವಂತಿರಲಿಲ್ಲ, ರಕ್ತ ಹಾಗೆ ಹರಿಯುತ್ತಿತ್ತು. ಸ್ಕೂಲಿನ ಆಟದ ಮೇಷ್ಟ್ರು ಹೇಳಿಕೊಟ್ಟಿದ್ದು ನೆನಪಿಗೆ ಬಂತು. ಶುಭ್ರವಾದ ಬಟ್ಟೆ ಮಡಿಸಿಟ್ಟು ಬಲವಾಗಿ ಒತ್ತಬೇಕು, ಕಾಲು ಎತ್ತಿ ಹಿಡಿಯಬೇಕು. ರಕ್ತ ನಿಂತಿತೇ ಎಂದು ತೆಗೆದು ನೋಡಬಾರದು. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಬೇಕು. ಅವನ ಪಂಚೆ ತುಂಬ ಮಣ್ಣು. ಶುಭ್ರವಾದ ಬಟ್ಟೆ ಅಲ್ಲಿ ಒಂದೇ ಕಡೆ ಇತ್ತು, ನನ್ನ ಗಂಟಿನಲ್ಲಿ. ಅವ್ವನ ಹಳೇ ಸೀರೆ ಹರಿದು ಆ ಮೂರು ದಿನಕ್ಕೆಂದೇ ಇಟ್ಟುಕೊಂಡ ಬಟ್ಟೆಗಳು. ಉಳಿದವರು ಅವನ್ನು ಕದ್ದುಮುಚ್ಚಿ ಒಣಗಿಸುತ್ತಿದ್ದರು. ನಾನು ಬಿಸಿನೀರಲ್ಲಿ ಒಗೆದು ಬಿಸಿಲಿಗೇ ಹರವುತ್ತಿದ್ದೆ. ಒಗೆದಿಟ್ಟದ್ದನ್ನು ತಂದು ಗಾಯದ ಮೇಲೆ ಒತ್ತಿದೆ.

"ಅದ್ಯಾವ ಬಟ್ಟೆನೇ ಅದು? ಕೈ ಬಿಡು, ಮೈಲಿಗೆ."

"ಬಿಡಲ್ಲ ದೊಡ್ಡಪ್ಪ."

"ಸತ್ರೆ ಸಾಯ್ತೀನಿ, ಬಿಡು."

"ನೀನು ಸಾಯಾಕೂ ನಾನು ಕೈ ಬಿಡಬೇಕಲ್ಲ."

ಇನ್ನೊಂದು ಕಾಲಿನಿಂದ ನನ್ನ ಭುಜಕ್ಕೆ ಒದ್ದ. ನಾನು ಮೈಭಾರವನ್ನೆಲ್ಲ ಬಟ್ಟೆಯ ಮೇಲೆ ಬಿಟ್ಟೆ. ಸಿಟ್ಟು ಬಂದಿತ್ತು ನನಗೆ, ಭಯಕ್ಕಿಂತ ಹೆಚ್ಚು ಸಿಟ್ಟು.

ಅಷ್ಟರಲ್ಲಿ ಹೆಂಗಸರು ಬಂದರು, ಒಬ್ಬರು ಅರಿಶಿನ ಹಿಡಿದು, ಇನ್ನೊಬ್ಬರು ಕಾಫಿಪುಡಿ ಹಿಡಿದು. ನನ್ನ ಕೈ ಅಲ್ಲಿರುವುದನ್ನು ಕಂಡು ದೂರವೇ ನಿಂತರು. ನಾನು ಸರಿದರೆ ಪುಡಿ ತುಂಬುತ್ತಾರಂತೆ.

"ಪುಡಿ ಮನೇಲೇ ಇಟ್ಕಳ್ರಿ. ಗಾಡಿ ಕಟ್ರಿ ಮೊದ್ಲು," ಎಂದೆ.

ಅವ್ವ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. ಬಂದು ಅವನ ಪಾದವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ನನ್ನ ತೋಳು ಅವಳ ತೋಳಿಗೆ ತಾಗಿತ್ತು. ಅವಳು ಸರಿಯಲಿಲ್ಲ. ಆಗ ಮಾತ್ರ ನನಗೆ ಅಳು ಬಂತು.

ಗಾಡಿ ಆಸ್ಪತ್ರೆ ಮುಟ್ಟುವವರೆಗೂ ಕೈ ತೆಗೆಯಲಿಲ್ಲ. ಬಟ್ಟೆ ನೆನೆದಾಗ ಅದೇ ಗಂಟಿನ ಇನ್ನೊಂದನ್ನು ಮೇಲಿಟ್ಟೆ. ಹೊಲಿಗೆ ಹಾಕಿದರು. ದೊಡ್ಡಪ್ಪ ಉಳಿದ.

ಮನೆಗೆ ಬಂದ ಮೇಲೆ ಅವನಿಗೆ ಶುದ್ಧಿ ಮಾಡಿದರು. ಆಮೇಲೆ ಹಿರಿಯರು ನನ್ನನ್ನು ಗುಡಿಯ ಮುಂದೆ ಕರೆಸಿದರು. ದೊಡ್ಡಪ್ಪ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದ.

"ದೇವ್ರು ನನ್ನ ಉಳಿಸ್ತು. ಈಕೆ ಮಾತ್ರ ತಪ್ಪು ಮಾಡ್ಯಾಳೆ," ಎಂದ.

"ತಪ್ಪಾಯ್ತು ಅಂತ ಅಡ್ಡಬೀಳಮ್ಮ, ಮುಗಿಸಾಣ," ಎಂದರು ಒಬ್ಬ ಹಿರಿಯರು.

"ತಪ್ಪಾಗಿದ್ರೆ ಹೊಲಿಗೆ ಬಿಚ್ಚಿಸ್ರಿ. ಆಮೇಲೆ ಬೀಳ್ತೀನಿ," ಎಂದೆ.

ದೊಡ್ಡಪ್ಪ ಪಂಚೆ ಎಳೆದು ಕಾಲು ಮುಚ್ಚಿಕೊಂಡ. ನಾನು ಅಡ್ಡಬೀಳದೆ ಮನೆಗೆ ಬಂದೆ.

ಸಾಯುವವರೆಗೂ ಅವನು ನನ್ನ ಕೈಯಿಂದ ಒಂದು ಲೋಟ ನೀರು ಕುಡಿಯಲಿಲ್ಲ. ಬೇಡ ಎನ್ನಲು ನಮ್ಮ ಬಾಗಿಲವರೆಗೆ ತನ್ನೆರಡು ಕಾಲಲ್ಲೇ ನಡೆದು ಬರುತ್ತಿದ್ದ.