ಟೈರಿನೊಳಗಿನ ಉಪ್ಪುನೀರು

ಹೈದರಾಬಾದಿನಲ್ಲಿ ನೀರು ಹೆಪ್ಪುಗಟ್ಟಿದ ಸುದ್ದಿಯನ್ನು ಇಷ್ಟು ವರ್ಷಗಳ ಪತ್ರಿಕಾ ಕೆಲಸದಲ್ಲಿ ನಾನು ಒಮ್ಮೆಯೂ ತಿದ್ದಿಲ್ಲ. ಆದರೂ ನಮ್ಮ ತೋಟದ ಟ್ರ್ಯಾಕ್ಟರಿನ ಟೈರಿನಲ್ಲಿ ನೀರು ಹೆಪ್ಪುಗಟ್ಟದಂತೆ ನಾವು ಮುನ್ನೆಚ್ಚರಿಕೆ ವಹಿಸಿದೆವು. ಹನ್ನೊಂದು ಮಂದಿ ವಿದ್ಯಾವಂತರು ಒಂದೇ ಕಡೆ ಸೇರಿದರೆ ಇಂಥ ದೂರದೃಷ್ಟಿ ಬರುತ್ತದೆ.

ಲಿಂಗಂಪಲ್ಲಿಯಿಂದ ಒಂದು ಗಂಟೆಯ ದಾರಿಯಲ್ಲಿ ಹನ್ನೊಂದು ಕನ್ನಡ ಕುಟುಂಬಗಳು ಸೇರಿ ಕೊಂಡ ಮಾವಿನ ತೋಟ ಅದು. ನನ್ನನ್ನು ಬಿಟ್ಟರೆ ಹೆಚ್ಚಿನವರೆಲ್ಲ ಸಾಫ್ಟ್‌ವೇರ್ ಕಂಪನಿಗಳವರು. ಭಾನುವಾರ ಬಂದು, ಗಿಡಗಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಮಣ್ಣಿನ ಬಗ್ಗೆ ಮಾತಾಡಿ, ಬಿಸಿಲೇರುವ ಮುಂಚೆ ಮನೆಗೆ ಹೊರಡುತ್ತಿದ್ದೆವು. ಇದಕ್ಕೆ ಬೇಸಾಯ ಎನ್ನುತ್ತಿದ್ದೆವು. ಉಳಿದ ಆರು ದಿನ ತೋಟ ನೋಡಿಕೊಳ್ಳುತ್ತಿದ್ದುದು ಯಾದಗಿರಿ ಕಡೆಯ ಡ್ರೈವರ್. ಹೆಂಡತಿ ಮತ್ತು ಮಗಳ ಜೊತೆ ಪಂಪ್‌ಹೌಸಿನ ಪಕ್ಕದ ಕೋಣೆಯಲ್ಲಿ ಆತನ ವಾಸ. ನಾನು ಪತ್ರಿಕೆಯವನು ಎಂಬ ಕಾರಣಕ್ಕೆ ಸಭೆಗಳ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ನಮ್ಮದು ಚಿಕ್ಕ ಟ್ರ್ಯಾಕ್ಟರ್, ಹಗುರ. ಗೊಬ್ಬರದ ಟ್ರಾಲಿ ಎಳೆದುಕೊಂಡು ನೀರಿನ ಕುಂಟೆಯ ಪಕ್ಕದ ಏರು ಹತ್ತುವಾಗ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗುತ್ತಿದ್ದವು.

“ಹಿಂದಿನ ಎರಡೂ ಗಾಲಿಗೆ ನೀರು ತುಂಬಿದ್ರ ನೆಲ ಕಚ್ಚಿ ಹಿಡೀತಾವ್ರಿ,” ಎಂದ ಡ್ರೈವರ್. “ನಮ್ಮ ಕಡೆ ಗದ್ದ್ಯಾಗ ಹಂಗ ಮಾಡ್ತಿದ್ವಿ.”

ಇಷ್ಟು ಸರಳವಾದ ಮಾತನ್ನು ನಮ್ಮ ತೋಟದ ಸಂಘದ ಅಧ್ಯಕ್ಷರು ನೇರವಾಗಿ ಒಪ್ಪುವುದು ಸಾಧ್ಯವಿರಲಿಲ್ಲ. ಕರಾವಳಿಯವರು, ಸಾಫ್ಟ್‌ವೇರ್ ಮ್ಯಾನೇಜರ್. ಏನೇ ಮಾಡುವುದಿದ್ದರೂ ಮೊದಲು ವಿಡಿಯೊ ನೋಡುವವರು. ಅವರು ನೋಡಿದ ವಿಡಿಯೊದಲ್ಲಿ ಮೊಣಕಾಲುದ್ದ ಹಿಮದಲ್ಲಿ ನಿಂತ ಅಮೆರಿಕದ ರೈತನೊಬ್ಬ ಟೈರಿಗೆ ತುಂಬುವ ನೀರಿಗೆ ಒಂದು ಬಗೆಯ ಲವಣ ಬೆರೆಸುತ್ತಿದ್ದ. ಚಳಿಗೆ ನೀರು ಗಡ್ಡೆಯಾಗುವುದಿಲ್ಲ, ತೂಕವೂ ಹೆಚ್ಚುತ್ತದೆ. ಆ ಲವಣ ಇಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. “ಉಪ್ಪು ಉಪ್ಪೇ ಅಲ್ವಾ ಮಾರಾಯ್ರೆ,” ಎಂದರು.

ಹಾಗಾಗಿ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಅಂಗಿ ಬೆನ್ನಿಗಂಟುವ ಸೆಕೆಯಲ್ಲಿ, ಹಿಮದಿಂದ ಪಾರಾಗಲು ನಾವಿಬ್ಬರೂ ಬೇಗಂ ಬಜಾರಿಗೆ ಹೋದೆವು. ಮೂರು ಚೀಲ ಉಪ್ಪು ಕೇಳಿದಾಗ ಅಂಗಡಿಯವನು ವಿನಯದಿಂದಲೇ, “ಶಾದಿ ಕಾ ಅಚಾರ್ ಹೈ ಕ್ಯಾ ಸಾಬ್?” ಎಂದ. ಮದುವೆಯ ಉಪ್ಪಿನಕಾಯಿಗಲ್ಲ, ಟ್ರ್ಯಾಕ್ಟರಿನ ಟೈರಿಗೆ ಎಂದೆ. ಮತ್ತೇನೂ ಕೇಳದೆ ಚೀಲ ಎತ್ತಿಸಿದ.

ಡ್ರೈವರ್ ಒಂದು ಚೀಲದ ಬಾಯಿ ಬಿಚ್ಚಿ, ಚಿಟಿಕೆ ಉಪ್ಪನ್ನು ನಾಲಿಗೆಗಿಟ್ಟು ನೋಡಿದ.

“ಬರೇ ನೀರು ಸಾಕ್ರಿ ಸಾಹೇಬ್ರ. ಟ್ಯೂಬ್ ಗಟ್ಟಿ ಇರೋತನ ಉಪ್ಪು ಅದರೊಳಗ ಇರತೈತಿ. ಒಂದು ಮುಳ್ಳು ಚುಚ್ಚಿತಂದ್ರ ಹೊರಗ ಬಂದು ರಿಮ್ ತಿಂತೈತಿ.”

“ಅಮೆರಿಕದವರಿಗೆ ಅಷ್ಟೂ ಗೊತ್ತಿಲ್ವಾ?” ಎಂದರು ಅಧ್ಯಕ್ಷರು.

“ಅವರಿಗೆ ಗೊತ್ತೈತ್ರಿ. ಅವರ ತ್ವಾಟ ಇಲ್ಲಿಲ್ಲ.”

ಆದರೂ ಹೇಳಿದಂತೆ ಮಾಡಿದ. ಜಾಕ್ ಕೊಟ್ಟು ಗಾಲಿ ಎತ್ತಿ, ವಾಲ್ವ್ ಮೇಲೆ ಬರುವಂತೆ ತಿರುಗಿಸಿ, ಪೈಪಿನಿಂದ ಉಪ್ಪುನೀರು ಬಿಟ್ಟ. ನಡುನಡುವೆ ಪೈಪು ತೆಗೆದು ಗಾಳಿ ಹೊರಬಿಟ್ಟ. ನೀರು ವಾಲ್ವಿನ ಮಟ್ಟಕ್ಕೆ ಬಂದಾಗ ನಿಲ್ಲಿಸಿ, ಉಳಿದ ಜಾಗಕ್ಕೆ ಗಾಳಿ ತುಂಬಿದ. ಟ್ರ್ಯಾಕ್ಟರ್ ಏರು ಹತ್ತಿತು. ಅಧ್ಯಕ್ಷರು ಫೋಟೊವನ್ನು ತೋಟದ ವಾಟ್ಸಾಪ್ ಗ್ರೂಪಿಗೆ ಹಾಕಿದರು. ನಡಾವಳಿಯಲ್ಲಿ ನಾನು ‘ಭಾರ ತುಂಬುವ ಕೆಲಸ ಯಶಸ್ವಿ’ ಎಂದು ಬರೆದೆ. ಡ್ರೈವರ್ ಹೇಳಿದ್ದನ್ನು ಬರೆಯಲಿಲ್ಲ. ಆತ ಸದಸ್ಯನಲ್ಲವಲ್ಲ.

ಮಳೆಗಾಲದ ಆರಂಭದಲ್ಲಿ ಟ್ರ್ಯಾಕ್ಟರಿನ ಎಡಗಡೆಯ ಗಾಲಿಗೆ ಜಾಲಿಮುಳ್ಳು ಚುಚ್ಚಿತು. ಸಣ್ಣ ತೂತು, ದಿನಕ್ಕಿಷ್ಟು ಒಸರುವುದು. ಟ್ಯೂಬ್ ಬದಲಿಸಬೇಕು ಎಂದು ಡ್ರೈವರ್ ಗ್ರೂಪಿನಲ್ಲಿ ಎರಡು ಸಲ ಕೇಳಿಕೊಂಡ. ಆಗ ಗ್ರೂಪಿನಲ್ಲಿ ತೋಟದಲ್ಲಿ ತೂಗುಹಾಕಲಿರುವ ಹಕ್ಕಿಗೂಡುಗಳಿಗೆ ಯಾವ ಬಣ್ಣ ಹಚ್ಚಬೇಕೆಂಬ ಚರ್ಚೆ ನಡೆದಿತ್ತು. ಆತ ಗಾಳಿ ತುಂಬಿಕೊಂಡೇ ಮಳೆಗಾಲ ಕಳೆದ.

ದಸರಾ ಮುಗಿದ ಮೇಲಿನ ಭಾನುವಾರ ಪಂಕ್ಚರ್‌ನವನು ಬಂದು ಟೈರ್ ಬಿಚ್ಚಿದ. ರಿಮ್ಮಿನ ಒಳಮೈ ಪದರ ಪದರವಾಗಿ ಕೈಗೆ ಬಂತು. ವಾಲ್ವಿನ ಕಂಡಿ ಬೆರಳು ಹೋಗುವಷ್ಟು ಅಗಲವಾಗಿತ್ತು.

“ಸಮುದ್ರಂಲೋ ತೋಲಾರಾ ಸಾರ್?” ಎಂದ. ಸಮುದ್ರದಲ್ಲಿ ಓಡಿಸಿದಿರಾ ಎಂದು.

ಅಲ್ಲೇ ಮಾವಿನ ನೆರಳಿನಲ್ಲಿ ಸಭೆ ಸೇರಿತು. “ಕೆಸರಲ್ಲೇ ನಿಲ್ಲಿಸಿದ್ದಾನೆ, ಒಂದು ದಿನವೂ ತೊಳೆದಿಲ್ಲ,” ಎಂದರು ಅಧ್ಯಕ್ಷರು. “ಕೆಲಸಕ್ಕೆ ಬೇರೆ ಜನ ನೋಡುವ.” ಎಲ್ಲರ ಮುಖದಲ್ಲೂ ನೆಮ್ಮದಿ ಕಂಡಿತು. ತಪ್ಪು ಸದಸ್ಯರಲ್ಲದವರದು ಎಂದಾದರೆ ಸಭೆ ಬೇಗ ಮುಗಿಯುತ್ತದೆ.

ಡ್ರೈವರ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಮಗಳು ಇಲ್ಲೇ ಊರಾಗ ಹತ್ತನೇ ಕ್ಲಾಸ್ ಓದಾಕತ್ತಾಳ್ರಿ. ಈಗ ಎಬ್ಬಿಸಿದ್ರ ಅಕಿ ವರ್ಷ ಹೋಗತೈತಿ.”

ನಾನು ಎದ್ದು, ಉಪ್ಪು ಬೇಡವೆಂದು ಆತ ಅಂದೇ ಹೇಳಿದ್ದ ಎಂದೆ.

“ನಡಾವಳಿಯಲ್ಲಿ ಉಂಟಾ?” ಎಂದರು ಅಧ್ಯಕ್ಷರು.

“ಇಲ್ಲ.”

“ಮತ್ತೆ?”

ದಾಖಲೆ ಎಲ್ಲಿ ಎಂದು ಕೇಳಿ ಎಷ್ಟೋ ವರದಿಗಾರರ ಬಾಯಿ ಮುಚ್ಚಿಸಿದವನು ನಾನು. ಕೂತೆ.

ಆಗ ಡ್ರೈವರೇ ಮುಂದೆ ಬಂದ. “ಬಲಗಡಿ ಗಾಲಿ ಬಿಚ್ಚಸ್ರಿ.”

“ಅದು ಚೆನ್ನಾಗೇ ಇದೆಯಲ್ಲಪ್ಪ,” ಎಂದರು ಬೆಂಗಳೂರಿನ ಸದಸ್ಯರೊಬ್ಬರು.

“ಚಲೋ ಐತಂತನ ಬಿಚ್ಚಸ್ರಿ ಅನ್ನಾಕತ್ತೀನಿ. ಎರಡೂ ಅದ ಕೆಸರಿನ್ಯಾಗ ನಿಂತಾವು. ನಾ ತೊಳದಿಲ್ಲಂದ್ರ ಎರಡೂ ತೊಳದಿಲ್ಲ.”

ಪಂಕ್ಚರ್‌ನವನು ಬಿಚ್ಚಿದ. ಉಪ್ಪುನೀರು ತುಂಬಿದ ಟ್ಯೂಬ್ ಎಲ್ಲೂ ಒಡೆದಿರಲಿಲ್ಲ. ರಿಮ್ಮಿನ ಒಳಗೆ ಕಂಪನಿ ಹಚ್ಚಿದ ಬಣ್ಣ ಹಾಗೇ ಇತ್ತು. ಹನ್ನೊಂದು ಮಂದಿ ಸರದಿಯಲ್ಲಿ ಬಗ್ಗಿ ನೋಡಿದೆವು. ಕೊನೆಗೆ ಅಧ್ಯಕ್ಷರು, “ಟೆಕ್ನಿಕಲ್ ಇಶ್ಯೂ ಅಂತ ಬರೀರಿ,” ಎಂದರು.

ನಿರ್ಣಯಗಳು ಹೀಗಾದವು: ಎಡಗಡೆಯ ಗಾಲಿಗೆ ಹೊಸ ರಿಮ್. ಎರಡಕ್ಕೂ ಬರೀ ನೀರು. ಇನ್ನು ಮುಂದೆ ಪಂಕ್ಚರ್ ಆದ ದಿನವೇ ಟ್ಯೂಬ್ ತೆಗೆಸಿ, ರಿಮ್ ತೊಳೆದು ಒಣಗಿಸಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಹಚ್ಚುವುದು. ಡ್ರೈವರನ್ನು ಏಪ್ರಿಲ್ ಕೊನೆಯವರೆಗೆ ಇಟ್ಟುಕೊಂಡು, ಕೆಲಸ ನೋಡಿ ಆಮೇಲೆ ತೀರ್ಮಾನಿಸುವುದು. ಕ್ಷಮೆ ಕಾರ್ಯಸೂಚಿಯಲ್ಲಿರಲಿಲ್ಲ. ಆತನ ಎಚ್ಚರಿಕೆಯನ್ನು ನಾನು ಆರು ತಿಂಗಳು ತಡವಾಗಿ ಬರೆದುಕೊಂಡೆ. ಪತ್ರಿಕೆಯಲ್ಲಿ ಇದಕ್ಕೆ ತಿದ್ದುಪಡಿ ಎನ್ನುತ್ತೇವೆ, ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕುತ್ತೇವೆ.

ಕಾರುಗಳು ಹೊರಟ ಮೇಲೆ ಆತನಿಗೆ ನಿರ್ಣಯ ತಿಳಿಸಿದೆ. ಏಪ್ರಿಲ್ ಎನ್ನುವಾಗ ನನ್ನ ದನಿ ತಗ್ಗಿತ್ತು. ಆತ ಟ್ಯೂಬಿನ ಉಪ್ಪುನೀರನ್ನು ಮಾವಿನ ಬೇರಿಗೆ ತಾಗದಂತೆ ದೂರ ಒಯ್ದು ಚೆಲ್ಲುತ್ತಿದ್ದ.

“ಮಗಳ ಪರೀಕ್ಷೆ ಅಷ್ಟರೊಳಗ ಮುಗೀತಾವ್ರಿ,” ಎಂದ. “ಅಷ್ಟ ಬೇಕಾಗಿತ್ತು.”

“ಆಮೇಲೆ?”

“ಆಮ್ಯಾಲೆ ನಾನೂ ವಿಚಾರ ಮಾಡ್ತೀನ್ರಿ, ಇವರ ಕೂಡ ಇರಬೇಕೋ ಬ್ಯಾಡೋ ಅಂತ.”